ಬೆಟ್ಟದ ಮಾತೆಯ ಅಂಗಳದಿಂದ ಕಾಣುವ ಹಳೆಯ ಗೋವೆ

ರಾಜ್ಯಗಳು ಅಳಿಯುತ್ತವೆ, ನಗರಗಳು ಬರಿದಾಗುತ್ತವೆ, ಕೋಟೆಕೊತ್ತಲಗಳು ಮಣ್ಣುಗೂಡುತ್ತವೆ. ಇತಿಹಾಸವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಆದರೆ ಅಳಿದುಹೋದ ಮಹಾನಗರವೊಂದನ್ನು ಅದರ ನದಿ, ಗೋಪುರ, ಪಾಳುಗೋಡೆಗಳ ಸಮೇತ ಎತ್ತರದಲ್ಲಿ ನಿಂತು ಒಂದೇ ನೋಟದಲ್ಲಿ ಕಾಣುವ ಅವಕಾಶ ಎಲ್ಲೆಡೆಯೂ ದೊರೆಯುವುದಿಲ್ಲ. ಅಂಥ ಅಪೂರ್ವ ಸ್ಥಳಗಳಲ್ಲಿ ಒಂದು, ಹಳೆಯ ಗೋವೆಯ ಪೂರ್ವದಿಕ್ಕಿನಲ್ಲಿರುವ ಗುಡ್ಡ. ಅದರ ನೆತ್ತಿಯ ಮೇಲೆ ಒಂದು ಪುರಾತನ ದೇವಾಲಯವಿದೆ. ಅದರ ಪೋರ್ಚುಗೀಸ್ ಹೆಸರು 'ನೊಸ್ಸ ಸೆನ್ಯೋರ ದೊ ಮೊಂತೆ'. ಕನ್ನಡದಲ್ಲಿ ಹೇಳುವುದಾದರೆ, ಬೆಟ್ಟದ ಮಾತೆ.

ನಮ್ಮ ನಾಡಿನಿಂದ ಪ್ರತಿವರ್ಷವೂ ಅಸಂಖ್ಯ ಭಕ್ತರು ಹಳೆಯ ಗೋವೆಗೆ ಯಾತ್ರೆ ಹೋಗುತ್ತಾರೆ. ಸಂತ ಫ್ರಾನ್ಸಿಸ್ ಕ್ಸೇವಿಯರರ ಪುಣ್ಯಶರೀರವಿರುವ ಬೋಮ್ ಜೆಸುಸ್ ದೇವಾಲಯದಲ್ಲಿ ಮೊಣಕಾಲೂರಿ, ಎದುರಿನ ಪ್ರಧಾನಾಲಯವನ್ನು ನೋಡಿ, ಮೊಂಬತ್ತಿ ಹಚ್ಚಿ ಹಿಂದಿರುಗುತ್ತಾರೆ. ಈ ಗುಡ್ಡವನ್ನು ಏರುವವರು ಅವರಲ್ಲಿ ಕೆಲವರು ಮಾತ್ರ. ಏರಿದವರ ಮುಂದೆ ಎರಡು ಪ್ರಶ್ನೆಗಳು ತಾವಾಗಿಯೇ ಬಂದು ನಿಲ್ಲುತ್ತವೆ. ಇಷ್ಟು ದೇವಾಲಯಗಳೂ ಮಠಗಳೂ ಇದ್ದ ನಗರ ಏಕೆ ಸತ್ತಿತು? ನಗರ ಸತ್ತ ಮೇಲೂ ಅಲ್ಲಿಂದ ಹೊರಟ ವಿಶ್ವಾಸ ಏಕೆ ಸಾಯಲಿಲ್ಲ? ಈ ಪ್ರಶ್ನೆಗಳು ಗೋವೆಯವರಿಗಷ್ಟೇ ಸಂಬಂಧಿಸಿದವಲ್ಲ. ಕನ್ನಡ ಕರಾವಳಿಯ ಅನೇಕ ಕ್ರೈಸ್ತ ಕುಟುಂಬಗಳ ಮೂಲಕಥೆಯೇ ಇವುಗಳೊಡನೆ ಬೆರೆತಿದೆ.

ಗುಡ್ಡ ಮತ್ತು ನದಿ

ಮಂಗಳೂರಿನ ಕಡೆಯಿಂದ ಕೊಂಕಣ ರೈಲಿನಲ್ಲಿ ಹೋಗುವವರಿಗೆ ಕರ್ಮಲಿ ನಿಲ್ದಾಣವೇ ಹಳೆಯ ಗೋವೆಗೆ ಹತ್ತಿರ. ಪಣಜಿಯಿಂದಾದರೆ ಮಾಂಡೋವಿ ನದಿಯ ದಂಡೆಯ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್ ಪ್ರಯಾಣ. ದೇವಾಲಯಗಳಿರುವ ಮೈದಾನದಿಂದ ಪೂರ್ವಕ್ಕೆ ತಿರುಗಿದರೆ ಮರಗಳ ನಡುವೆ ಗುಡ್ಡದ ದಾರಿ ಸಿಗುತ್ತದೆ. ಮೇಲಿರುವ ದೇವಾಲಯ ಗಾತ್ರದಲ್ಲಿ ದೊಡ್ಡದಲ್ಲ, ಆಡಂಬರವೂ ಇಲ್ಲ. ಆ ನಾಡಿನ ಕೆಂಪು ಜಂಬಿಟ್ಟಿಗೆ, ಎಂದರೆ ನಮ್ಮ ಕರಾವಳಿಯ ಜನ ಹೇಳುವ ಮುರಕಲ್ಲಿನಿಂದ ಕಟ್ಟಿ, ಸುಣ್ಣ ಬಳಿದ ಗೋಡೆಗಳು. ಮುಂದೆ ವಿಶಾಲವಾದ ಅಂಗಳ. ಕಾಲಕಾಲಕ್ಕೆ ಇದನ್ನು ಪುನಃ ಕಟ್ಟಿದ್ದಾರೆ. 2001ರಲ್ಲಿ 'ಫುಂದಸಾಂವ್ ಓರಿಯಂತ್' ಎಂಬ ಪೋರ್ಚುಗೀಸ್ ಸಂಸ್ಥೆಯ ನೆರವಿನಿಂದ ಜೀರ್ಣೋದ್ಧಾರವಾಯಿತು. ಅದಾದ ಮೇಲೆ ಹಲವು ವರ್ಷ ಇದೇ ಅಂಗಳದಲ್ಲಿ ಸಂಗೀತೋತ್ಸವಗಳು ನಡೆದಿವೆ. ದೇವಾಲಯದ ಬಾಗಿಲು ಪ್ರತಿದಿನವೂ ತೆರೆದಿರುವುದಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗೆ ಅಂಗಳವೇ ಸಾಕು.

ಸಂಜೆಯ ಬಿಸಿಲಿನಲ್ಲಿ ಅಲ್ಲಿ ನಿಂತರೆ ಪಶ್ಚಿಮಕ್ಕೆ ತೆಂಗು ಮಾವುಗಳ ಹಸುರಿನ ಮೇಲೆ ಪ್ರಧಾನಾಲಯದ ಬಿಳಿಯ ಗೋಪುರವೂ ಸಂತ ಕಜೇತಾನರ ದೇವಾಲಯದ ಗುಮ್ಮಟವೂ ತಲೆಯೆತ್ತಿ ಕಾಣುತ್ತವೆ. ಉತ್ತರಕ್ಕೆ ಮಾಂಡೋವಿ ನದಿ ಅಗಲವಾಗಿ ಹರಿಯುತ್ತದೆ. ನದಿಯಾಚೆ ದಿವಾಡಿ ದ್ವೀಪ. ಅದರ ಗುಡ್ಡದ ಮೇಲೆ ಒಂದು ಬಿಳಿಯ ದೇವಾಲಯ. ಈ ನದಿ ನಮಗೆ ಪರಕೀಯವಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಭೀಮಗಡದ ಕಾಡಿನಲ್ಲಿ ಮಹದಾಯಿ ಎಂಬ ಹೆಸರಿನಿಂದ ಹುಟ್ಟಿ, ಘಟ್ಟವಿಳಿದು, ಗೋವೆಯಲ್ಲಿ ಮಾಂಡೋವಿಯಾಗಿ ಸಮುದ್ರ ಸೇರುವ ನೀರು ಅದು. ನೀರಿನಂತೆಯೇ ಇತಿಹಾಸವೂ ಕನ್ನಡ ನಾಡಿನಿಂದ ಅಲ್ಲಿಗೂ ಅಲ್ಲಿಂದ ಇಲ್ಲಿಗೂ ಹರಿದಿದೆ.

ಗುಡ್ಡ ಕಂಡ ಯುದ್ಧ

ಪೋರ್ಚುಗೀಸರು ಬರುವುದಕ್ಕೆ ಬಹು ಹಿಂದೆ ಗೋವೆಯನ್ನು ಆಳಿದವರು ಕದಂಬರು. ಕನ್ನಡದಲ್ಲಿ ಶಾಸನ ಬರೆಸಿದ ಆ ಅರಸರ ಕುಲದೈವ ಸಪ್ತಕೋಟೀಶ್ವರ. ಮುಂದೆ 14ನೆಯ ಶತಮಾನದ ಕೊನೆಯ ಭಾಗದಲ್ಲಿ ವಿಜಯನಗರದ ಮಾಧವಮಂತ್ರಿ ಗೋವೆಯನ್ನು ಗೆದ್ದುಕೊಂಡನು. ಸುಮಾರು ಒಂದು ಶತಮಾನದ ನಂತರ ಬಹಮನಿ ಸೇನಾನಿ ಮಹಮೂದ್ ಗವಾನ್ ಅದನ್ನು ವಶಪಡಿಸಿಕೊಂಡನು. ಬಹಮನಿ ರಾಜ್ಯ ಒಡೆದಾಗ ಗೋವೆ ಬಿಜಾಪುರದ ಆದಿಲ್ ಷಾಹಿಗೆ ಸೇರಿತು. ಅರಬಸ್ತಾನದಿಂದ ಹಡಗಿನಲ್ಲಿ ಬರುವ ಕುದುರೆಗಳ ವ್ಯಾಪಾರಕ್ಕಾಗಿ ಈ ಬಂದರು ಎಲ್ಲ ಅರಸರಿಗೂ ಬೇಕಾಗಿತ್ತು. ಕುದುರೆಗಳನ್ನು ಕೊಳ್ಳುವವರಲ್ಲಿ ವಿಜಯನಗರದ ಅರಸರೇ ಅಗ್ರಗಣ್ಯರು.

1510ರಲ್ಲಿ ಪೋರ್ಚುಗೀಸ್ ಸೇನಾನಿ ಅಫೊನ್ಸೊ ಡಿ ಅಲ್ಬುಕರ್ಕನಿಗೆ ಗೋವೆಯನ್ನು ಹಿಡಿಯುವ ಸಲಹೆ ಕೊಟ್ಟವನು ಹೊನ್ನಾವರದ ನೌಕಾನಾಯಕ ತಿಮ್ಮಯ್ಯ. ಪೋರ್ಚುಗೀಸ್ ಬರಹಗಳಲ್ಲಿ ಅವನ ಹೆಸರು ತಿಮೋಜ. ಆ ವರ್ಷದ ಆರಂಭದಲ್ಲಿ ನಗರ ಸುಲಭವಾಗಿಯೇ ಕೈಸೇರಿತು. ಆದರೆ ಮೇ ತಿಂಗಳಲ್ಲಿ ಬಿಜಾಪುರದ ದೊಡ್ಡ ಸೈನ್ಯ ಬಂದು ಪೋರ್ಚುಗೀಸರನ್ನು ಹೊರದೂಡಿತು. ಬೆಟ್ಟದ ಮಾತೆಯ ಅಂಗಳದಲ್ಲಿರುವ ಒಂದು ಪೋರ್ಚುಗೀಸ್ ಶಿಲಾಲೇಖ, ಅಂದು ಆದಿಲ್ ಷಾಹಿಯ ಫಿರಂಗಿಗಳು ಈ ಸ್ಥಳದಲ್ಲೇ ನಿಂತಿದ್ದುವೆಂದು ನೆನಪಿಸುತ್ತದೆ. ಅಂಗಳದಲ್ಲಿ ನಿಂತು ಕೆಳಗೆ ನೋಡಿದವರಿಗೆ ಅದರ ಕಾರಣ ವಿವರಿಸಬೇಕಾಗಿಲ್ಲ; ನಗರವೂ ನದಿಯೂ ಒಟ್ಟಿಗೇ ಗುರಿಗೆ ಸಿಗುವ ತಾಣವಿದು. ಮಳೆಗಾಲವನ್ನು ಹಡಗುಗಳಲ್ಲೇ ಹಸಿವಿನಿಂದ ಕಳೆದ ಅಲ್ಬುಕರ್ಕ್ ಆಗಸ್ಟಿನಲ್ಲಿ ಹೊರಟು, ಹೊಸ ಬಲದೊಡನೆ ಮರಳಿ ಬಂದು, ನವೆಂಬರ್ 25ರಂದು ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಹಬ್ಬದ ದಿನ ನಗರವನ್ನು ಗೆದ್ದನು. ಆ ಬಳಿಕ ಶತ್ರುವಿನ ಫಿರಂಗಿ ನಿಂತಿದ್ದ ಗುಡ್ಡದ ಮೇಲೆ ಮಾತೆಯ ಹೆಸರಿನಲ್ಲಿ ಈ ಗುಡಿಯನ್ನು ಕಟ್ಟಿಸಿದನೆಂಬುದು ಪರಂಪರೆಯ ಮಾತು.

ಇಲ್ಲಿ ಯಾತ್ರಿಕರು ಒಂದು ವಿಷಯವನ್ನು ಗಮನಿಸಬೇಕು. ಹಳೆಯ ಗೋವೆಯಲ್ಲಿ ಹೆಸರಾಂತ ಗುಡ್ಡಗಳು ಎರಡು. ಪಶ್ಚಿಮದ ಗುಡ್ಡಕ್ಕೆ 'ಮೊಂತೆ ಸಾಂತೊ', ಪವಿತ್ರ ಬೆಟ್ಟವೆಂದು ಹೆಸರು. ಅಲ್ಬುಕರ್ಕ್ ಅಲ್ಲಿ ನಿಂತು ಯುದ್ಧವನ್ನು ವೀಕ್ಷಿಸಿದನೆಂದು ಪ್ರತೀತಿ. ಜಪಮಾಲೆ ಮಾತೆಯ ದೇವಾಲಯ ಅಲ್ಲಿದೆ. ಗೆದ್ದವರು ನಿಂತ ಗುಡ್ಡ ಅದು. ಸೋತವರು ನಿಂತ ಗುಡ್ಡ ನಮ್ಮ ಈ ಮೊಂತೆ. ಎರಡರ ಮೇಲೂ ಇಂದು ಮಾತೆ ಮರಿಯಮ್ಮನವರ ಆಲಯಗಳೇ ಇವೆ.

ಗೆಲುವಿನ ಕಥೆಯನ್ನು ಹೇಳುವಾಗ ಅದರ ಬೆಲೆಯನ್ನೂ ಹೇಳುವುದು ನ್ಯಾಯ. ನಗರ ಕೈವಶವಾದ ಮೇಲೆ ಅಲ್ಲಿನ ಮುಸಲ್ಮಾನರನ್ನು ಗಂಡಸರು, ಹೆಂಗಸರು, ಮಕ್ಕಳೆನ್ನದೆ ಕೊಲ್ಲಿಸಲಾಯಿತು. ಇದು ವಿರೋಧಿಗಳ ಆರೋಪವಲ್ಲ. ಅಲ್ಬುಕರ್ಕನೇ ತನ್ನ ಅರಸನಿಗೆ ಬರೆದ ಪತ್ರದಲ್ಲಿ ತಿಳಿಸಿದ ಸಂಗತಿ. ಕ್ರಿಸ್ತನ ಶಿಲುಬೆ ಆ ನಗರವನ್ನು ಪ್ರವೇಶಿಸಿದ್ದು ಖಡ್ಗದ ಜೊತೆಯಲ್ಲಿ ಎಂಬುದನ್ನು ನಾವು ಮರೆಯಲಾಗದು.

ಪೂರ್ವದ ರೋಮ್

ಹಾಗೆ ಆರಂಭವಾದ ನಗರ ನೂರೇ ವರ್ಷಗಳಲ್ಲಿ ಪೂರ್ವದೇಶದ ರಾಣಿಯಾಯಿತು. 1534ರಲ್ಲಿ ಪೋಪ್ 3ನೆಯ ಪೌಲರ ಆಜ್ಞೆಯಿಂದ ಅಲ್ಲಿನ ಸಂತ ಕ್ಯಾಥರೀನಳ ಗುಡಿ ಪ್ರಧಾನಾಲಯದ ಪದವಿಗೇರಿತು. 16ನೆಯ ಶತಮಾನದ ನಡುವಿನಲ್ಲಿ ಗೋವೆ ಮಹಾಧರ್ಮಪ್ರಾಂತ್ಯವಾದಾಗ, ಆಫ್ರಿಕದ ಕರಾವಳಿಯಿಂದ ಚೀನದವರೆಗಿನ ಕ್ರೈಸ್ತರು ಅದರ ಕಡೆ ಮುಖಮಾಡಿ ನಿಂತರು. ಸಂತ ಫ್ರಾನ್ಸಿಸ್ ಕ್ಸೇವಿಯರರು 1542ರ ಮೇ 6ರಂದು ಇಲ್ಲಿ ಬಂದಿಳಿದರು. 1552ರ ಡಿಸೆಂಬರ್ 3ರಂದು ಚೀನದ ಬಾಗಿಲಲ್ಲಿ ಸಾಂಚಿಯಾನ್ ದ್ವೀಪದಲ್ಲಿ ಪ್ರಾಣ ಬಿಟ್ಟರು. 1554ರ ಮಾರ್ಚ್ ತಿಂಗಳಲ್ಲಿ ಅವರ ಶರೀರ ಇದೇ ನದಿಯ ಮಾರ್ಗವಾಗಿ ಈ ನಗರಕ್ಕೆ ಹಿಂದಿರುಗಿತು.

ಗುಡ್ಡದಿಂದ ಕಾಣುವ ಕಟ್ಟಡಗಳೆಲ್ಲ ಆ ವೈಭವಕಾಲದ ಸಾಕ್ಷಿಗಳು. ಪ್ರಧಾನಾಲಯದ ಕೆಲಸ 1562ರಲ್ಲಿ ಆರಂಭವಾಗಿ, ಕಟ್ಟಡ 1619ರಲ್ಲಿ ಮುಗಿಯಿತು. ಸುಮಾರು 250 ಅಡಿ ಉದ್ದದ ಈ ದೇವಾಲಯಕ್ಕೆ ಮೊದಲು ಎರಡು ಗೋಪುರಗಳಿದ್ದುವು. ಒಂದು 1776ರಲ್ಲಿ ಕುಸಿಯಿತು. ಉಳಿದ ಗೋಪುರದಲ್ಲಿ ಪ್ರಸಿದ್ಧವಾದ 'ಚಿನ್ನದ ಗಂಟೆ' ಇದೆ. ಬೋಮ್ ಜೆಸುಸ್ 1594ರಲ್ಲಿ ಆರಂಭವಾಗಿ 1605ರಲ್ಲಿ ಪ್ರತಿಷ್ಠೆಗೊಂಡಿತು. ಸಂತರ ಶರೀರವನ್ನಿಟ್ಟ ಅಮೃತಶಿಲೆಯ ಪೀಠ ಇಟಲಿಯ ತೊಸ್ಕಾನದ ಡ್ಯೂಕ್ 3ನೆಯ ಕೊಸಿಮೊ ಕಳುಹಿಸಿದ ಕಾಣಿಕೆ. 1698ರಲ್ಲಿ ಅದನ್ನು ಜೋಡಿಸಲಾಯಿತು. ರೋಮಿನ ಸಂತ ಪೇತ್ರರ ಮಹಾದೇವಾಲಯವನ್ನು ಮಾದರಿಯಾಗಿಟ್ಟುಕೊಂಡು ಕಟ್ಟಿದ ಸಂತ ಕಜೇತಾನರ ದೇವಾಲಯ 17ನೆಯ ಶತಮಾನದ ನಡುಭಾಗದ ಕೃತಿ. ನಗರದ ಏಳಿಗೆಯ ದಿನಗಳಲ್ಲಿ ಜನಸಂಖ್ಯೆ 2 ಲಕ್ಷದಷ್ಟಿತ್ತೆಂದು ಅಂದಾಜು ಮಾಡಿದವರಿದ್ದಾರೆ. 1608ರಲ್ಲಿ ರೋಗಿಯಾಗಿ ಅಲ್ಲಿಗೆ ಬಂದ ಫ್ರೆಂಚ್ ಪ್ರವಾಸಿ ಫ್ರಾನ್ಸುವಾ ಪಿರಾರ್, ಅಲ್ಲಿನ ರಾಜ ಆಸ್ಪತ್ರೆಯ ಶುಚಿತ್ವವನ್ನೂ ಉಪಚಾರವನ್ನೂ ಬಹಳವಾಗಿ ಹೊಗಳಿದ್ದಾನೆ.

ಗುಡ್ಡದ ಕೆಳಗೆ ಕರ್ಮಲಿಯ ರಸ್ತೆಯ ಬದಿಯಲ್ಲಿ ಒಂಟಿಯಾಗಿ ನಿಂತ ಒಂದು ಕಲ್ಲಿನ ಮುಖಭಾಗವಿದೆ. ಯೇಸುಸಭೆಯವರ ಸಂತ ಪೌಲರ ವಿದ್ಯಾಲಯದಲ್ಲಿ ಉಳಿದದ್ದು ಅಷ್ಟೇ. 1556ರಲ್ಲಿ ಭಾರತದ ಮೊತ್ತಮೊದಲ ಮುದ್ರಣಯಂತ್ರ ಕೆಲಸ ಆರಂಭಿಸಿದ್ದು ಈ ವಿದ್ಯಾಲಯದಲ್ಲಿ. ಮರುವರ್ಷ ಸಂತ ಕ್ಸೇವಿಯರರು ರಚಿಸಿದ ಧರ್ಮೋಪದೇಶದ ಪುಸ್ತಕ ಅಲ್ಲಿ ಅಚ್ಚಾಯಿತು. ಇಂದು ನಾವು ಅಚ್ಚುಹಾಕಿಸುವ ಪ್ರತಿಯೊಂದು ಪ್ರಾರ್ಥನಾ ಪುಸ್ತಕಕ್ಕೂ, ಈ ಸ್ಮರಣ ಸಂಚಿಕೆಗೂ, ಪೂರ್ವಜನೆನ್ನಬಹುದಾದ ಯಂತ್ರ ಅದು.

ಮುಚ್ಚಿಡಲಾಗದ ಪುಟ

ಪ್ರಧಾನಾಲಯದ ಮುಂದಿನ ಮೈದಾನದ ಬದಿಯಲ್ಲಿ ಒಂದು ಕಾಲಕ್ಕೆ ಆದಿಲ್ ಷಾಹನ ಅರಮನೆಯಿತ್ತು. ಪೋರ್ಚುಗೀಸ್ ರಾಜಪ್ರತಿನಿಧಿಗಳು ಮೊದಲು ಅಲ್ಲಿ ವಾಸವಾಗಿದ್ದರು. 1560ರಲ್ಲಿ ಗೋವೆಯಲ್ಲಿ ಧರ್ಮವಿಚಾರಣೆಯ ನ್ಯಾಯಸ್ಥಾನ ಸ್ಥಾಪನೆಯಾದಾಗ ಆ ಅರಮನೆ ಅದರ ಪೀಠವಾಯಿತು. ನಡುವೆ ಕೆಲವು ವರ್ಷಗಳ ವಿರಾಮ ಬಿಟ್ಟರೆ 1812ರವರೆಗೂ ಅದು ನಡೆಯಿತು. ಇಂಥ ನ್ಯಾಯಸ್ಥಾನ ಬೇಕೆಂದು ಸಂತ ಕ್ಸೇವಿಯರರೇ 1546ರಲ್ಲಿ ಪೋರ್ಚುಗಲ್ಲಿನ ಅರಸನಿಗೆ ಬರೆದಿದ್ದರೆಂಬುದೂ ದಾಖಲೆಯ ಮಾತು. ಅದು ಸ್ಥಾಪನೆಯಾದದ್ದು ಅವರ ಮರಣದ 8 ವರ್ಷಗಳ ತರುವಾಯ.

ಈ ನ್ಯಾಯಸ್ಥಾನದ ಕಥೆಯಲ್ಲಿ ಗಾರ್ಸಿಯ ದ ಓರ್ತನೆಂಬ ವೈದ್ಯನ ಹೆಸರು ಮರೆಯಲಾಗದ್ದು. ಯೆಹೂದಿ ವಂಶದಲ್ಲಿ ಹುಟ್ಟಿ ಕ್ರೈಸ್ತನಾದ ಆತ, ಭಾರತದ ಔಷಧಿ ಸಸ್ಯಗಳನ್ನು ಕುರಿತ ಶ್ರೇಷ್ಠ ಗ್ರಂಥವನ್ನು 1563ರಲ್ಲಿ ಇದೇ ನಗರದಲ್ಲಿ ಅಚ್ಚುಹಾಕಿಸಿದನು; 1568ರಲ್ಲಿ ತೀರಿಕೊಂಡನು. ಮರುವರ್ಷ ಅವನ ತಂಗಿಯನ್ನು ಸುಟ್ಟರು. 1580ರಲ್ಲಿ ಅವನ ಎಲುಬುಗಳನ್ನೇ ಸಮಾಧಿಯಿಂದ ತೆಗೆದು ಸುಟ್ಟರು. ಇದಕ್ಕೂ ಮುಂಚೆ 1540ರಿಂದ ಈ ದ್ವೀಪಗಳ ಹಿಂದೂ ದೇವಾಲಯಗಳು ನಾಶವಾದುವು. 1684ರಲ್ಲಿ ಜನರ ತಾಯ್ನುಡಿಯಾದ ಕೊಂಕಣಿಯನ್ನೇ ಅಳಿಸಿಹಾಕುವ ಉದ್ದೇಶದಿಂದ ಸರಕಾರ ಆಜ್ಞೆ ಹೊರಡಿಸಿತು.

ಹಬ್ಬದ ಸಂಚಿಕೆಯಲ್ಲಿ ಇಂಥ ವಿಷಯ ಏಕೆಂದು ಕೆಲವರು ಕೇಳಬಹುದು. ಸತ್ಯವನ್ನು ಹೇಳಲು ಅಂಜುವ ಇತಿಹಾಸ ವಿಶ್ವಾಸಕ್ಕೆ ಬಲ ಕೊಡಲಾರದು ಎಂಬುದೇ ಉತ್ತರ. 2000ದ ಮಾರ್ಚ್ 12ರಂದು ಜಗದ್ಗುರು 2ನೆಯ ಜಾನ್ ಪೌಲರು ಸಂತ ಪೇತ್ರರ ಮಹಾದೇವಾಲಯದಲ್ಲಿ ಬಲಿಪೂಜೆಯ ನಡುವೆ, ಸತ್ಯದ ಸೇವೆಯ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಮಾಡಿದ ಹಿಂಸೆಗಾಗಿ ದೇವರ ಕ್ಷಮೆ ಬೇಡಿದರು. ಪೀಠದ ಮುಂದೆ ಅವರು ಬಾಯಿಬಿಟ್ಟು ಹೇಳಿದ್ದನ್ನು ನಾವು ಪುಟದ ಮೇಲೆ ಬರೆಯಲು ಹಿಂಜರಿಯಬೇಕಾಗಿಲ್ಲ.

ನಗರದ ಅವಸಾನ

ಇಂಥ ನಗರ ಹೇಗೆ ಅಳಿಯಿತು? ಒಂದೇ ಯುದ್ಧದಲ್ಲಿ ಅಲ್ಲ, ಒಂದೇ ದಿನದಲ್ಲಿ ಅಲ್ಲ. ಮೊದಲನೆಯ ಕಾರಣ ಅದರ ನೆಲದಲ್ಲೇ ಇತ್ತು. ಜಂಬಿಟ್ಟಿಗೆ ಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರಗಳು. ಅಷ್ಟು ಜನ ಒತ್ತೊತ್ತಾಗಿ ವಾಸಿಸುವ ಕಡೆ ಹೊಲಸು ನೀರು ನೆಲದೊಳಗೆ ಇಂಗಿ ಬಾವಿಗಳನ್ನು ಸೇರಿತು. 1543ರಿಂದಲೇ ವಾಂತಿಭೇದಿಯ ಮಾರಿ ಕಾಣಿಸಿಕೊಂಡಿತು. ಅನಂತರ ಮತ್ತೆ ಮತ್ತೆ ಬಂತು. ಚಳಿಜ್ವರ ಮನೆಮನೆಯನ್ನೂ ಹೊಕ್ಕಿತು.

ಎರಡನೆಯ ಕಾರಣ ವ್ಯಾಪಾರದ ಕುಸಿತ. 1565ರಲ್ಲಿ ವಿಜಯನಗರ ಬಿದ್ದಾಗ ಗೋವೆಯ ಕುದುರೆ ವ್ಯಾಪಾರದ ಬೆನ್ನೆಲುಬೇ ಮುರಿಯಿತು. ಬಳಿಕ ಡಚ್ಚರು ಸಮುದ್ರಕ್ಕಿಳಿದರು. ಗೋವೆಯ ಮಹಾಧರ್ಮಾಧ್ಯಕ್ಷರ ಬಳಿ 1583ರಿಂದ 5 ವರ್ಷ ಕಾರ್ಯದರ್ಶಿಯಾಗಿದ್ದ ಲಿನ್‌ಸ್ಕೋಟನ್ ಎಂಬ ಡಚ್ಚನು ಊರಿಗೆ ಮರಳಿ, ಪೂರ್ವದ ಜಲಮಾರ್ಗಗಳನ್ನೆಲ್ಲ ಪುಸ್ತಕ ಬರೆದು ಬಯಲು ಮಾಡಿದನು. 1622ರಲ್ಲಿ ಹೊರ್ಮುಜ್, 1641ರಲ್ಲಿ ಮಲಾಕ್ಕ, 1656ರಲ್ಲಿ ಕೊಲಂಬೊ ಪೋರ್ಚುಗೀಸರ ಕೈಬಿಟ್ಟುವು. ನಮ್ಮ ಬಸರೂರು, ಮಂಗಳೂರು, ಹೊನ್ನಾವರಗಳಿಂದ ಹಡಗು ಹಡಗಾಗಿ ಹೋಗುತ್ತಿದ್ದ ಅಕ್ಕಿಯೇ ಗೋವೆಯ ಅನ್ನವಾಗಿತ್ತು. ಆ ಬಂದರುಗಳ ಕೋಟೆಗಳನ್ನು 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಪೋರ್ಚುಗೀಸರಿಂದ ಕಿತ್ತುಕೊಂಡನು.

1683ರಲ್ಲಿ ಮರಾಠರ ಸಂಭಾಜಿ ಮಹಾರಾಜನ ಸೈನ್ಯ ನದಿಯ ದ್ವೀಪದವರೆಗೆ ಬಂದಾಗ, ದಿಕ್ಕುಗಾಣದ ರಾಜಪ್ರತಿನಿಧಿ ತನ್ನ ಅಧಿಕಾರದಂಡವನ್ನು ಸಂತ ಕ್ಸೇವಿಯರರ ಶವಪೆಟ್ಟಿಗೆಯಲ್ಲಿಟ್ಟು ನಗರವನ್ನು ಅವರಿಗೆ ಒಪ್ಪಿಸಿದನು. ನಗರವೇನೋ ಉಳಿಯಿತು. ಆದರೆ ರೋಗಕ್ಕೆ ಅಂಜಿ 1695ರಲ್ಲಿ ರಾಜಪ್ರತಿನಿಧಿಯ ನಿವಾಸವೇ ಹೊರವಲಯದ ಪಾನೇಲಿಂಗೂ, 1759ರಲ್ಲಿ ಪಣಜಿಗೂ ಸಾಗಿತು. ಅದೇ ವರ್ಷ ಯೇಸುಸಭೆಯವರನ್ನು ಹೊರಹಾಕಿದರು. 1835ರಲ್ಲಿ ಉಳಿದ ಸಂನ್ಯಾಸಿ ಸಭೆಗಳ ಮಠಗಳನ್ನೂ ಸರಕಾರ ಮುಚ್ಚಿಸಿತು. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಬಿಟ್ಟುಹೋದ ಕಟ್ಟಡಗಳ ಕಲ್ಲುಗಳು ಹೊಸ ರಾಜಧಾನಿಯ ಗೋಡೆಗಳಾದುವು.

ಪವಿತ್ರ ಬೆಟ್ಟದ ಮೇಲೆ ಒಂಟಿಯಾಗಿ ನಿಂತ ಸಂತ ಅಗಸ್ಟೀನರ ಗೋಪುರ ಈ ಅವನತಿಯ ಶಾಸನ. 1602ರಲ್ಲಿ ಪೂರ್ಣವಾದ ಆ ಭವ್ಯ ದೇವಾಲಯ 1835ರ ಅನಂತರ ಬರಿದಾಯಿತು. 1842ರಲ್ಲಿ ಕಮಾನು ಮಾಡು ಬಿತ್ತು. 1871ರಲ್ಲಿ ಅದರ ಗಂಟೆಯನ್ನು ಪಣಜಿಗೆ ಸಾಗಿಸಿದರು. ಅಲ್ಲಿನ ಅಮಲೋದ್ಭವ ಮಾತೆಯ ದೇವಾಲಯದಲ್ಲಿ ಅದು ಇಂದಿಗೂ ಇದೆ. 1931ರಲ್ಲಿ ಮುಖಭಾಗವೂ ಗೋಪುರದ ಅರ್ಧವೂ ಕುಸಿದುವು. ಉಳಿದಿರುವ ಗೋಪುರದ ಎತ್ತರ ಸುಮಾರು 46 ಮೀಟರ್. ಮಾಡು ಬಿದ್ದು 7 ವರ್ಷದ ಹಿಂದಷ್ಟೇ ಜನ ಅಲ್ಲಿಂದ ಹೊರಟುಹೋಗಿದ್ದರೆಂಬುದನ್ನು ಓದುಗರು ಗಮನಿಸಬೇಕು. ದೇವಾಲಯವನ್ನು ಹಿಡಿದು ನಿಲ್ಲಿಸುವುದು ಗಾರೆ ಮಾತ್ರವಲ್ಲ.

ನದಿಯಾಚೆಯ ದ್ವೀಪ

ಈಗ ನಗರದಿಂದ ಕಣ್ಣು ತಿರುಗಿಸಿ ಉತ್ತರಕ್ಕೆ, ನದಿಯಾಚೆಗೆ ನೋಡೋಣ. ದಿವಾಡಿ ಸಣ್ಣ ದ್ವೀಪ. ಗದ್ದೆ, ತೋಟ, ಹಳ್ಳಿಮನೆಗಳ ನೆಲ. ಕದಂಬರ ಸಪ್ತಕೋಟೀಶ್ವರನ ಗುಡಿ ಇದ್ದದ್ದು ಅಲ್ಲೇ. ಗುಡಿ ಕೆಡವಿದಾಗ ಭಕ್ತರು ಲಿಂಗವನ್ನು ನದಿ ದಾಟಿಸಿ ನಾರ್ವೆಗೆ ಒಯ್ದರು. 1668ರಲ್ಲಿ ಶಿವಾಜಿ ಮಹಾರಾಜನು ಅಲ್ಲಿನ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದನು. ತಮ್ಮ ದೈವಕ್ಕಾಗಿ ಅವರು ಪಟ್ಟ ಪಾಡು ಗೌರವಕ್ಕೆ ಪಾತ್ರವಾದುದು.

ಅದೇ ದ್ವೀಪದ ಕ್ರೈಸ್ತ ಮನೆಗಳಲ್ಲಿ ಹುಟ್ಟಿದ ಮೂವರನ್ನು ನಾವು ನೆನೆಯಬೇಕು. ಮೊದಲನೆಯವರು ಮತೇವುಸ್ ದೆ ಕಾಸ್ತ್ರೊ. ಗೋವೆಯ ಪೋರ್ಚುಗೀಸ್ ಅಧಿಕಾರಿಗಳಿಂದ ಮನ್ನಣೆ ಸಿಗದೆ ರೋಮಿಗೆ ಹೋಗಿ, ಗುರುವಾಗಿ, 1637ರಲ್ಲಿ ಧರ್ಮಾಧ್ಯಕ್ಷರಾದರು. ಲತೀನ್ ವಿಧಿಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರೇ. ಎರಡನೆಯವರು ಅವರ ಸಂಬಂಧಿ, ತಿಯತೀನ್ ಸಭೆಯ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ. ಅವರು ಮಂಗಳೂರಿಗೆ ಬಂದು 1680ರಲ್ಲಿ ಮಿಲಾಗ್ರಿಸ್ ದೇವಾಲಯವನ್ನು ಕಟ್ಟಿಸಿದರು. ಅದಕ್ಕೆ ನೆಲವನ್ನು ದಾನ ಮಾಡಿದವಳು ಕೆಳದಿಯ ವೀರರಾಣಿ ಚೆನ್ನಮ್ಮಾಜಿ. ಮೂರನೆಯವರು 1676ರಲ್ಲಿ ಹುಟ್ಟಿದ ಜಾಕೊಮೆ ಗೊನ್ಸಾಲ್ವಿಸ್. ಸಿಂಹಳಕ್ಕೆ ಹೋಗಿ ಸಿಂಹಳೀ ಮತ್ತು ತಮಿಳು ಭಾಷೆಗಳಲ್ಲಿ ಕ್ರೈಸ್ತ ಸಾಹಿತ್ಯವನ್ನು ಬೆಳೆಸಿದ ವಿದ್ವಾಂಸ ಗುರು.

ಈ ಸಾಲಿನ ಶಿಖರವೆಂದರೆ ಸಂತ ಜೋಸೆಫ್ ವಾಝ್. 1651ರಲ್ಲಿ ಗೋವೆಯ ಬಾಣಾವಳಿಯಲ್ಲಿ ಹುಟ್ಟಿದ ಅವರು 1681ರಲ್ಲಿ ಕನ್ನಡ ಜಿಲ್ಲೆಗೆ ಬಂದು, ಗುರುಗಳಿಲ್ಲದೆ ಚದರಿಹೋಗಿದ್ದ ಭಕ್ತರನ್ನು 1684ರವರೆಗೆ ಊರೂರು ತಿರುಗಿ ಒಗ್ಗೂಡಿಸಿದರು. ಆಗ ಇಲ್ಲಿ ರೋಮ್ ನೇಮಿಸಿದ ಧರ್ಮಾಧ್ಯಕ್ಷರಿಗೂ ಗೋವೆಯ ಅಧಿಕಾರಕ್ಕೂ ನಡುವೆ ಕಹಿಯಾದ ವಿವಾದವಿತ್ತು. ತಾವು ಗೋವೆಯ ಪ್ರತಿನಿಧಿಯಾಗಿದ್ದರೂ, ಭಕ್ತರು ಒಡೆದುಹೋಗದಂತೆ ವಿನಯದಿಂದ ನಡೆದುಕೊಂಡರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಅವರ ನೆನಪಿನ ಪುಣ್ಯಕ್ಷೇತ್ರವಿದೆ. ಮುಂದೆ ಹಳೆಯ ಗೋವೆಯ ಪವಾಡ ಶಿಲುಬೆಯ ಮಠದಲ್ಲಿ ದೇಶೀಯ ಗುರುಗಳದೇ ಆದ ಸಭೆಯನ್ನು ನೆಲೆಗೊಳಿಸಿ, 1687ರಲ್ಲಿ ಕೂಲಿಯವನ ವೇಷದಲ್ಲಿ ಸಿಂಹಳವನ್ನು ಪ್ರವೇಶಿಸಿದರು. ಡಚ್ಚರ ಆಳ್ವಿಕೆಯಲ್ಲಿ ಅಡಗಿ ಬಾಳುತ್ತಿದ್ದ ಕ್ರೈಸ್ತರಿಗೆ ಆಸರೆಯಾಗಿ, 1711ರಲ್ಲಿ ಕ್ಯಾಂಡಿಯಲ್ಲಿ ಮುಡಿದರು. 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಸಾರಿದರು.

ನಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಪಶ್ಚಿಮಕ್ಕೆ ಕಾಣುವ ಮಹಾದೇವಾಲಯಗಳನ್ನು ಕಟ್ಟಿದ್ದು ರಾಜ್ಯದ ಹಣ, ಹಡಗುಗಳ ಹಣ. ಹಣ ಬತ್ತಿದಾಗ ಅವುಗಳಲ್ಲಿ ಅನೇಕವು ಬಿದ್ದುವು. ಉತ್ತರಕ್ಕೆ ಕಾಣುವ ಹಳ್ಳಿಯ ಮನೆಗಳಲ್ಲಿ ಸಂಜೆಯ ಜಪಸರದೊಡನೆ ಬೆಳೆದ ಮಕ್ಕಳು, ರಾಜ್ಯದ ಬೆಂಬಲವಿಲ್ಲದೆ, ಒಮ್ಮೊಮ್ಮೆ ರಾಜ್ಯದ ಅಸಮಾಧಾನವನ್ನೂ ಸಹಿಸಿ, ವಿಶ್ವಾಸವನ್ನು ಸಮುದ್ರದಾಚೆಗೆ ಒಯ್ದರು. ರಾಜಧಾನಿ ರೋಗದಿಂದ ಸಾಯುತ್ತಿದ್ದ ಕಾಲದಲ್ಲೇ ಈ ಕೆಲಸ ನಡೆಯಿತು.

ಕನ್ನಡ ಕರಾವಳಿಯ ಋಣ

ಗೋವೆಯಿಂದ ನಮ್ಮ ಕರಾವಳಿಗೆ ಬಂದ ಕುಟುಂಬಗಳೂ ಅದೇ ಕಾಲದವು. ಬರಗಾಲ, ಮಾರಿರೋಗ, ತೆರಿಗೆ, ಮರಾಠರ ದಂಡಯಾತ್ರೆ, ಧರ್ಮವಿಚಾರಣೆಯ ಭಯ — ಇವುಗಳಲ್ಲಿ ಯಾವುದೋ ಒಂದು ಅಥವಾ ಎಲ್ಲವೂ ಅವರನ್ನು ಮನೆಬಿಡಿಸಿದುವು. ಅವರಿಗೆ ನೆಲ ಕೊಟ್ಟು, ಬೇಸಾಯಕ್ಕೆ ಹಚ್ಚಿ, ಗುಡಿ ಕಟ್ಟಲು ಅನುಮತಿ ಕೊಟ್ಟವರು ಕೆಳದಿಯ ವೀರಶೈವ ಅರಸರು. ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡ ಮನೆತನವೇ ಅವರ ಧರ್ಮದ ಬಡ ರೈತರಿಗೆ ಆಶ್ರಯ ಕೊಟ್ಟಿತು. ಈ ಉಪಕಾರವನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವುದು ನಮ್ಮ ಕರ್ತವ್ಯ.

ಬೆಟ್ಟದ ಮಾತೆಯ ಭಕ್ತಿಯೂ ಅಲ್ಲಿಂದ ಇಲ್ಲಿಗೆ ಬೇರೆ ದಾರಿಯಲ್ಲಿ ಇಳಿದಿದೆ. ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಂದು, ಹೊಸ ತೆನೆಯನ್ನು ಆಶೀರ್ವದಿಸಿ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುವ ಹಬ್ಬವನ್ನು ಕರಾವಳಿಯ ಕ್ರೈಸ್ತರು 'ಮೊಂತಿ ಹಬ್ಬ' ಎನ್ನುತ್ತಾರೆ. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಸ್ಥಾಪಿಸಿದ ಮೊಂತೆ ಮರಿಯಾನೊ ದೇವಾಲಯದಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. 'ಮೊಂತೆ' ಎಂದರೆ ಬೆಟ್ಟ. ಮಾಂಡೋವಿಯ ಮೇಲಣ ಮಾತೆಗೂ ನೇತ್ರಾವತಿಯ ಮೇಲಣ ಮಾತೆಗೂ ಹೆಸರು ಒಂದೇ.

1986ರಲ್ಲಿ ಹಳೆಯ ಗೋವೆಯ ದೇವಾಲಯಗಳೂ ಮಠಗಳೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಸಂತ ಕ್ಸೇವಿಯರರ ಶರೀರದ ದರ್ಶನ ನಡೆದಾಗ, ಬರಿದಾದ ನಗರ ಮತ್ತೆ ಜನಸಾಗರದಿಂದ ತುಂಬಿತು. ದರ್ಶನಕ್ಕೆಂದು ಮುಂದೆ ಹೋಗುವ ನಮ್ಮ ಯಾತ್ರಿಕರು ಒಂದು ಗಂಟೆಯ ಸಮಯ ಉಳಿಸಿಕೊಂಡು, ಕತ್ತಲಾಗುವ ಮುನ್ನ, ಈ ಗುಡ್ಡವನ್ನೂ ಏರಬೇಕೆಂದು ನಮ್ಮ ವಿನಂತಿ. ಎಳೆಯರನ್ನು ಜೊತೆಯಲ್ಲಿ ಕರೆದೊಯ್ದು, ಪಶ್ಚಿಮದ ಗೋಪುರಗಳ ಜೊತೆಗೆ ಉತ್ತರದ ದ್ವೀಪವನ್ನೂ ತೋರಿಸಬೇಕು.

ಶತಮಾನವನ್ನು ಪೂರೈಸಿದ ಯಾವುದೇ ಧರ್ಮಕೇಂದ್ರ ತನ್ನ ಕಟ್ಟಡಕ್ಕೆ ಹೊಸ ಸುಣ್ಣ ಬಳಿಯುವುದು ಸಹಜ, ಯೋಗ್ಯ. ಅದರೊಡನೆ ಹಳೆಯ ಜ್ಞಾನಸ್ನಾನದ ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡುವುದು, ಹಿರಿಯರ ನೆನಪುಗಳನ್ನು ಬರೆದಿಡುವುದು, ಮನೆಮನೆಯ ಸಂಜೆಯ ಪ್ರಾರ್ಥನೆ ನಿಲ್ಲದಂತೆ ನೋಡಿಕೊಳ್ಳುವುದು ಇನ್ನೂ ಹೆಚ್ಚು ಅಗತ್ಯ. ಸಂತ ಅಗಸ್ಟೀನರ ಗೋಪುರಕ್ಕೆ ಒದಗದೆ ಹೋದದ್ದೂ ದಿವಾಡಿಯ ಮನೆಗಳಲ್ಲಿ ಉಳಿದುಕೊಂಡದ್ದೂ ಇದೇ. ಬೆಟ್ಟದ ಮಾತೆ ನಮ್ಮೆಲ್ಲರ ಮನೆಗಳ ಮೇಲೆ ತಮ್ಮ ಕೃಪಾದೃಷ್ಟಿಯಿಡಲಿ.